ಕೆಲಸದಲ್ಲಿರುವಾಗಲೇ ಪರೀಕ್ಷೆಯಾಗಲಿ

ಒರೆಗಲ್ಲಿನಿಂದ ಚಿನ್ನದ ಗುಣವನ್ನು ಅಳೆಯುತ್ತಿದ್ದ ನಮ್ಮ ವರ್ತಕರಿಗೆ ಇಂದು ಎಕ್ಸ್-ಕಿರಣದ ಕ್ಯಾರೆಟ್ ಮಾಪಕ ಹೊಸದಲ್ಲ. ಆಭರಣವನ್ನು ಕರಗಿಸದೆ, ಅದರಿಂದ ಹೊಮ್ಮುವ ಕಿರಣಗಳ ರೋಹಿತವನ್ನು ನೋಡಿ ಶುದ್ಧತೆಯನ್ನು ತಿಳಿಸುವ ಯಂತ್ರವದು. ಇದೇ ರೋಹಿತ ವಿಜ್ಞಾನವು ಚಿನ್ನದ ಮತ್ತೊಂದು ಗುಣವನ್ನೂ ಅರಿಯಲು ನೆರವಾಗಿದೆ. ಅದರಲ್ಲಿ ಸಣ್ಣ ಕೈಗಾರಿಕೆಯವರಿಗೂ ಒಂದು ಪಾಠವಿದೆ.

ಚಿನ್ನವು ರಾಸಾಯನಿಕವಾಗಿ ಜಡವೆಂಬುದು ಬಹುಕಾಲದ ನಂಬಿಕೆಯಾಗಿತ್ತು. ಆದರೆ ಲೋಹದ ಆಕ್ಸೈಡಿನ ಮೇಲೆ ಅತಿಸೂಕ್ಷ್ಮ ಕಣಗಳಾಗಿ ಹರಡಿದ ಚಿನ್ನವು, ಶೂನ್ಯ ಡಿಗ್ರಿಗಿಂತ ಬಹಳ ಕೆಳಗಿನ ಶೀತದಲ್ಲಿಯೂ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡಾಗಿ ಪರಿವರ್ತಿಸುವುದೆಂದು 1987ರಲ್ಲಿ ಜಪಾನಿನ ಮಸಾಟಾಕೆ ಹರುಟಾ ಮತ್ತು ಸಂಗಡಿಗರು ತೋರಿಸಿದರು. ಕಣಗಳು ಸುಮಾರು 5 ನ್ಯಾನೋಮೀಟರಿಗಿಂತ ಚಿಕ್ಕವಾಗಿರುವಾಗ ಈ ಗುಣ ಪ್ರಬಲ. ಕಾವಿಗೆ ಅವು ಒಂದಕ್ಕೊಂದು ಕೂಡಿ ದಪ್ಪವಾದರೆ, ತೂಕ ಅಷ್ಟೇ ಇದ್ದರೂ ಕೆಲಸ ಕುಂದುತ್ತದೆ. ತಯಾರಿಕೆಯಲ್ಲಿ ಉಳಿದ ಕ್ಲೋರೈಡೂ ಅದಕ್ಕೆ ಮಾರಕ.

ನಮ್ಮ ರಾಜ್ಯದಲ್ಲಿಯೂ ಈ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾರ್ಥಸಾರಥಿ ಬೇರಾ ಮತ್ತು ಎಂ.ಎಸ್. ಹೆಗ್ಡೆಯವರು, ದಹನ ವಿಧಾನದಿಂದ ಸೀರಿಯಂ ಆಕ್ಸೈಡಿನ ಮೇಲೆ ಚಿನ್ನವನ್ನು ಹರಡಿ ತಯಾರಿಸಿದ ಕ್ರಿಯಾವರ್ಧಕದ ಅಧ್ಯಯನವನ್ನು 2002ರಲ್ಲಿ ಪ್ರಕಟಿಸಿದರು.

ಕ್ರಿಯಾವರ್ಧಕವನ್ನು ಹೊರತೆಗೆದು ತಣ್ಣಗಾದ ಮೇಲೆ ನೋಡಿದರೆ ಅರ್ಧ ಸತ್ಯವಷ್ಟೇ ದೊರೆಯುತ್ತದೆ. ಅನಿಲ ಹರಿಯುತ್ತಿರುವಾಗಲೇ ಅವಕೆಂಪು ಬೆಳಕನ್ನು ಹಾಯಿಸಿದರೆ, ಲೋಹರೂಪದ ಚಿನ್ನಕ್ಕೆ ಅಂಟಿದ ಕಾರ್ಬನ್ ಮೊನಾಕ್ಸೈಡು ಸೆಂಟಿಮೀಟರಿಗೆ ಸುಮಾರು 2100 ಅಲೆಗಳ ಆಸುಪಾಸಿನಲ್ಲಿ ತನ್ನ ಗುರುತನ್ನು ತೋರುತ್ತದೆ. ಚಿನ್ನವು ಅಯಾನು ರೂಪದಲ್ಲಿದ್ದರೆ ಗುರುತು ಮೇಲಕ್ಕೆ ಸರಿಯುತ್ತದೆ. ಹೀಗೆ ಚಿನ್ನವು ಯಾವ ರೂಪದಲ್ಲಿದ್ದು ದುಡಿಯುತ್ತಿದೆ, ಯಾವಾಗ ದಣಿಯುತ್ತಿದೆ ಎಂಬುದನ್ನು ದುಡಿಮೆಯ ನಡುವೆಯೇ ಅರಿಯಬಹುದು.

ನಮ್ಮ ಜನರೇಟರುಗಳ ಹೊಗೆನಳಿಕೆಗೆ ಜೋಡಿಸುವ ಶೋಧಕಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ಲಾಟಿನಂ, ಪಲೇಡಿಯಂಗಳೇ ಹೊರತು ಚಿನ್ನವಲ್ಲ. ಆದರೆ ಪಾಠ ಒಂದೇ. ಹೊಸ ಸರಕಿನ ಪ್ರಮಾಣಪತ್ರವು ಹೊಸ ಸರಕಿಗಷ್ಟೇ ಸಾಕ್ಷಿ. ಸಾವಿರ ಗಂಟೆ ದುಡಿದ ಬಳಿಕ, ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ, ಅದು ಎಷ್ಟು ಅನಿಲವನ್ನು ಶೋಧಿಸುತ್ತದೆ? ಇದನ್ನು ಕೇಳದೆ ಹಣ ತೆತ್ತರೆ ನಷ್ಟ ಮಾಲಿಕರಿಗೆ, ಅಪಾಯ ಕಾರ್ಮಿಕರಿಗೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಶೋಧಕ ಸೋತದ್ದು ಮೂಗಿಗೆ ತಿಳಿಯದು.

ಪರ್ಕಳದ ಮಗ್ಗುಲಲ್ಲೇ ಇರುವ ಮಣಿಪಾಲದಲ್ಲಿ 1957ರಲ್ಲಿ ಸ್ಥಾಪನೆಯಾದ ತಾಂತ್ರಿಕ ಮಹಾವಿದ್ಯಾಲಯವಿದೆ. ರೋಹಿತ ವಿಜ್ಞಾನದಲ್ಲಿ ಸಂಶೋಧನೆ ನಡೆಸುವ ಪರಮಾಣು ಮತ್ತು ಅಣು ಭೌತವಿಜ್ಞಾನ ವಿಭಾಗವೂ ಇದೆ. ಒಬ್ಬ ಸಣ್ಣ ಉದ್ಯಮಿ ಅಲ್ಲಿನ ಬಾಗಿಲು ತಟ್ಟಲು ಹಿಂಜರಿಯಬಹುದು. ವಾಣಿಜ್ಯ ಸಂಘವು ಹಿಂಜರಿಯಬೇಕಿಲ್ಲ. ಸದಸ್ಯರ ಪರವಾಗಿ ಸಂಘವೇ ಮಾತುಕತೆ ನಡೆಸಿ, ಶುಲ್ಕವನ್ನು ಹಂಚಿಕೊಂಡು, ವರ್ಷಕ್ಕೊಮ್ಮೆಯಾದರೂ ಇಂತಹ ಪರೀಕ್ಷೆಗೆ ಏರ್ಪಾಡು ಮಾಡುವುದು ಸೂಕ್ತ. ಜೊತೆಗೆ, ಬಳಕೆಯ ಸ್ಥಿತಿಯಲ್ಲಿನ ಪರೀಕ್ಷಾ ವರದಿಯನ್ನು ಖರೀದಿ ಕರಾರಿನಲ್ಲಿಯೇ ಷರತ್ತಾಗಿ ಸೇರಿಸುವುದನ್ನು ಸದಸ್ಯರು ರೂಢಿಸಿಕೊಳ್ಳಬೇಕು. ಚಿನ್ನವನ್ನೇ ಪರೀಕ್ಷಿಸದೆ ಕೊಳ್ಳದ ನಾವು, ಉಸಿರನ್ನು ಕಾಯುವ ಉಪಕರಣವನ್ನು ಬರಿಯ ನಂಬಿಕೆಯ ಮೇಲೆ ಕೊಳ್ಳುವುದು ವ್ಯಾಪಾರ ಧರ್ಮವಲ್ಲ.