ಹನ್ನೆರಡು ಗಿಡುಗಗಳೂ ಒಬ್ಬ ವರ್ತಕನೂ

ಕಲೆಗೆ ಹಣ ಸೋಕಿದರೆ ಮೈಲಿಗೆಯಾಗುತ್ತದೆಂಬ ಮಾತನ್ನು ನಮ್ಮ ರಸಿಕರು ಬಾಯಿಪಾಠ ಮಾಡಿಕೊಂಡಿದ್ದಾರೆ. ಕಲಾವಿದ ಬಡವನಾಗಿರಬೇಕು, ವರ್ತಕ ದೂರವಿರಬೇಕು. ಇವರಿಬ್ಬರೂ ಸ್ನೇಹಿತರೆಂದರೆ ಎಲ್ಲೋ ಮೋಸವಿದೆಯೆಂದೇ ಅವರ ಎಣಿಕೆ. ನಾನು ಕನ್ನಡ ಪಾಠ ಹೇಳುವವನು. ಕುಲುಮೆಯ ಗುಟ್ಟು ಬಲ್ಲವನಲ್ಲ. ಆದರೂ ಈ ಮಾತನ್ನು ಒಪ್ಪಲಾರೆ. ನನ್ನ ಸಾಕ್ಷಿ, ಜಪಾನಿನ ಹನ್ನೆರಡು ಲೋಹದ ಗಿಡುಗಗಳು.

ಸುಜುಕಿ ಚೋಕಿಚಿ (1848–1919) ಎರಕದ ಕೆಲಸದಲ್ಲಿ ಪಳಗಿದ ಕಲಾವಿದ. ಹಯಾಶಿ ತದಮಸ (1853–1906) ಪ್ಯಾರಿಸಿನಲ್ಲಿ ಜಪಾನೀ ಕಲಾವಸ್ತುಗಳನ್ನು ಮಾರುತ್ತಿದ್ದ ವರ್ತಕ. ಕುಶಲವಸ್ತುಗಳನ್ನು ಹೊರನಾಡಿಗೆ ಕಳುಹಿಸಲೆಂದು 1874ರಲ್ಲಿ ಹುಟ್ಟಿದ ಒಂದೇ ಕಂಪೆನಿ ಇಬ್ಬರಿಗೂ ಅನ್ನ ಕೊಟ್ಟಿತ್ತು. ಸುಜುಕಿ ಅದರ ಲೋಹಶಾಲೆಯ ಮುಖ್ಯಸ್ಥ. ಹಯಾಶಿ 1878ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಅದರ ದುಭಾಷಿಯಾಗಿ ಹೋದವನು. 1891ರಲ್ಲಿ ಕಂಪೆನಿ ಮುಚ್ಚಿತು. ಇವರಿಬ್ಬರ ನಂಟು ಅದರ ಜೊತೆಗೆ ಮುಗಿಯಲಿಲ್ಲ.

1893ರ ಷಿಕಾಗೋ ಪ್ರದರ್ಶನಕ್ಕೆ ಹನ್ನೆರಡು ಗಿಡುಗಗಳನ್ನು ಇಡಬೇಕೆಂಬ ಯೋಚನೆ ಹಯಾಶಿಯದು, ಖರ್ಚೂ ಅವನದೇ. ಸುಜುಕಿ ಜೀವಂತ ಗಿಡುಗಗಳನ್ನು ಕಣ್ಣಾರೆ ಗಮನಿಸಿ ಕೆಲಸಕ್ಕೆ ಕೈಹಾಕಿದ. ಕಂಚು, ಬೆಳ್ಳಿ, ಚಿನ್ನ, ತಾಮ್ರಕ್ಕೆ ತುಸು ಚಿನ್ನ ಬೆರೆಸಿ ಕರಿನೀಲಿ ಬಣ್ಣ ಬರಿಸುವ ಮಿಶ್ರಲೋಹ—ಇವುಗಳಿಂದ ಗರಿಗರಿಯನ್ನೂ ಬಿಡಿಸಿದ. ಹನ್ನೆರಡಕ್ಕೂ ಹನ್ನೆರಡು ಭಂಗಿ.

‘ವರ್ತಕನಿಗೆ ಬೇಕಾದದ್ದು ಹೆಸರು, ಲಾಭ’ ಎನ್ನುವಿರಾ? ಬೇಕಾಗಿತ್ತು, ಒಪ್ಪಿದೆ. ನಾಡಿನ ಮುದ್ರಣಚಿತ್ರಗಳನ್ನೆಲ್ಲ ಯೂರೋಪಿಗೆ ಸಾಗಿಸಿದನೆಂದು ಅವನ ನಾಡಿನವರೇ ಅವನನ್ನು ಬೈದದ್ದೂ ಉಂಟು. ಆದರೆ ಲಾಭವೊಂದೇ ಗುರಿಯಾಗಿದ್ದರೆ ಹೂದಾನಿ, ಧೂಪಪಾತ್ರೆಗಳು ಸಾಕಾಗಿದ್ದುವು, ಅವಕ್ಕೆ ಗಿರಾಕಿಗಳಿದ್ದರು. ಅದನ್ನು ಬಿಟ್ಟು, ಇನ್ನೂ ಕಣ್ಣಿಗೆ ಕಾಣದ ಹಕ್ಕಿಗಳ ಮೇಲೆ ಹಣ ಸುರಿದು ಕಾಯುವುದು ಬರಿಯ ಲೆಕ್ಕಾಚಾರದ ಮನುಷ್ಯನ ಕೆಲಸವೇ? ಸ್ನೇಹವೆಂದರೆ ಹೆಗಲ ಮೇಲೆ ಕೈ ಹಾಕುವುದಷ್ಟೇ ಅಲ್ಲ. ‘ಇದು ನಿನ್ನ ಕೈಯಿಂದ ಆದೀತು’ ಎಂದು ನಂಬುವುದು ಅದಕ್ಕಿಂತ ದೊಡ್ಡ ಸ್ನೇಹ.

ಅರಮನೆಯ ಕಲಾವಿದನೆಂಬ ಮನ್ನಣೆ ಸುಜುಕಿಗೆ ದೊರೆತದ್ದು 1896ರಲ್ಲಿ, ಗಿಡುಗಗಳು ಷಿಕಾಗೋ ಕಂಡು ಮೂರು ವರ್ಷಗಳಾದ ಮೇಲೆ. ಅವುಗಳನ್ನು ಸರ್ಕಾರ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಸಾರಿದ್ದು 2019ರಲ್ಲಿ. ಇಂದು ಅವು ಕನಜವದ ರಾಷ್ಟ್ರೀಯ ಕುಶಲಕಲಾ ಸಂಗ್ರಹಾಲಯದಲ್ಲಿವೆ. ಅರಮನೆಯೂ ಸರ್ಕಾರವೂ ಆಮೇಲೆ ಬಂದುವು. ಸ್ನೇಹಿತ ಮೊದಲೇ ಬಂದಿದ್ದ.

ನಮ್ಮ ಕಾಲದ ದಾನಿಗಳ ಮೇಲೆ ನನ್ನ ತಕರಾರು ಇಷ್ಟೇ. ಹೆಸರಾದವನಿಗೆ ಶಾಲು ಹೊದಿಸಲು ಅವರು ಓಡಿಬರುತ್ತಾರೆ. ಕೆಲಸವಿಲ್ಲದೆ ಕುಳಿತವನ ಬಾಗಿಲು ತಟ್ಟುವುದಿಲ್ಲ. ಅವರ ನೆರಳು ಬೀಳದಂತೆ ಕಲೆಯನ್ನು ಕಾಯುತ್ತೇವೆನ್ನುವ ರಸಿಕರು ಅವರ ಈ ಸೋಮಾರಿತನಕ್ಕೆ ಒಳ್ಳೆಯ ನೆಪ ಒದಗಿಸಿದ್ದಾರೆ. ಮಹನೀಯರೇ, ಶಾಲು ಆಮೇಲಿರಲಿ. ಮೊದಲು ಕೆಲಸ ಕೊಡಿ, ಕೊಟ್ಟು, ಕಾಯಿರಿ.