ಇಬ್ಬರ ಆಟ, ಒಬ್ಬರ ಹೆಸರು

ಅಜ್ಜಂಪುರದ ಕಡೆಯ ರೈತನೊಬ್ಬನ ಮುಂದೆ ಒಂಟಿ ಎತ್ತನ್ನು ನಿಲ್ಲಿಸಿ ಬೆಲೆ ಕೇಳಿ ನೋಡಿ. ಅದರ ಜೊತೆಯೆತ್ತು ಎಲ್ಲಿ ಎಂದು ಅವನು ಮೊದಲು ಕೇಳುತ್ತಾನೆ. ಎತ್ತರ, ಮೈಬಣ್ಣ, ಕೊಂಬಿನ ಬಾಗು, ನಡಿಗೆಯ ಬಿರುಸು, ಇವೆಲ್ಲ ಒಂದಕ್ಕೊಂದು ಹೊಂದಿದ ಮೇಲೆಯೇ ಬೆಲೆಯ ಮಾತು. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ದಂಡಿನ ಭಾರವನ್ನೆಳೆದ ತಳಿಯ ಸಂವರ್ಧನ ಕೇಂದ್ರ ಇರುವ ಊರು ಅದು. ಜೋಡಿಯ ಮರ್ಮವನ್ನು ಇಷ್ಟು ಚೆನ್ನಾಗಿ ಬಲ್ಲ ಸೀಮೆಯ ಜನರಾದ ನಾವು, ಆಟದ ಮಾತು ಬಂದೊಡನೆ ಒಂಟಿ ವೀರನನ್ನೇ ಹುಡುಕುವುದೇಕೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಈ ಪ್ರಶ್ನೆಗೆ ನಿದರ್ಶನವಾಗಿ ನನಗೆ ತೋರುವುದು ಅಶ್ವಿನಿ ಪೊನ್ನಪ್ಪ ಅವರ ಕ್ರೀಡಾಜೀವನ. 1989ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಈ ಕೊಡವ ಆಟಗಾರ್ತಿ ಬ್ಯಾಡ್ಮಿಂಟನ್ನಿನಲ್ಲಿ ಡಬಲ್ಸನ್ನೇ ತಮ್ಮ ಮುಖ್ಯ ಆಟವನ್ನಾಗಿ ಮಾಡಿಕೊಂಡವರು. 2010ರ ಅಕ್ಟೋಬರ್ 14, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಜ್ವಾಲಾ ಗುಟ್ಟಾ ಅವರೊಡನೆ ಆಡಿದ ಅಶ್ವಿನಿ, ಸಿಂಗಪುರದ ಜೋಡಿಯನ್ನು ಸೋಲಿಸಿ, ಮಹಿಳಾ ಡಬಲ್ಸಿನಲ್ಲಿ ಭಾರತಕ್ಕೆ ಮೊದಲ ಬಾರಿಗೆ ಆ ಕೂಟದ ಚಿನ್ನವನ್ನು ತಂದರು. ಸ್ವಲ್ಪ ಹೊತ್ತಿನಲ್ಲೇ ಸೈನಾ ನೆಹ್ವಾಲ್ ಸಿಂಗಲ್ಸ್ ಚಿನ್ನವನ್ನು ಗೆದ್ದರು. ಅದು ಭಾರತದ 38ನೆಯ ಚಿನ್ನ. 37ರಲ್ಲಿ ನಿಂತಿದ್ದ ಇಂಗ್ಲೆಂಡನ್ನು ಹಿಂದಿಕ್ಕಿ ನಾವು ಎರಡನೆಯ ಸ್ಥಾನಕ್ಕೆ ಏರಿದೆವು. ನಾಡು ನೆನಪಿಟ್ಟುಕೊಂಡದ್ದು ಆ ಕೊನೆಯ ಚಿನ್ನವನ್ನು. ಸೈನಾ ಅವರ ಕೀರ್ತಿ ನ್ಯಾಯವಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಲೆಕ್ಕ ಬಲ್ಲ ಶಾಲೆಯ ಹುಡುಗನೂ ಹೇಳಬಲ್ಲ: ಹಿಂದಿನ 37ನೆಯದು ಇಲ್ಲದಿದ್ದರೆ 38 ಎಂಬುದೇ ಇರುತ್ತಿರಲಿಲ್ಲ.

ಮರುವರ್ಷ, 2011ರ ಆಗಸ್ಟ್‌ನಲ್ಲಿ, ಇದೇ ಜೋಡಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚನ್ನು ಗೆದ್ದಿತು. ಅದಕ್ಕೆ ಮುಂಚೆ ಆ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತಿದ್ದ ಪದಕ ಒಂದೇ, 1983ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಅವರು ಗೆದ್ದ ಕಂಚು. ಇಪ್ಪತ್ತೆಂಟು ವರ್ಷಗಳ ಬರವನ್ನು ನೀಗಿದವರು ಇಬ್ಬರು ಹೆಣ್ಣುಮಕ್ಕಳು. ಅರ್ಜುನ ಪ್ರಶಸ್ತಿ ಇಬ್ಬರಿಗೂ ಬಂದಿತು, ನಿಜ. ಜ್ವಾಲಾ ಅವರಿಗೆ 2011ರಲ್ಲಿ, ಅಶ್ವಿನಿ ಅವರಿಗೆ 2012ರಲ್ಲಿ. ಒಂದೇ ನೊಗ ಹೊತ್ತವರಿಗೆ ಎರಡು ವರ್ಷಗಳಲ್ಲಿ ಬೇರೆ ಬೇರೆ ಹಾರ!

ಡಬಲ್ಸ್ ಎಂದರೆ ಅರ್ಧ ದುಡಿಮೆಯ ಆಟ ಎಂಬ ಭಾವನೆ ವಿದ್ಯಾವಂತರಲ್ಲೂ ಉಂಟು. ಅಂಕಣದ ಅಳತೆಯನ್ನು ನೋಡಿದರೆ ಈ ಭ್ರಮೆ ಹರಿಯುತ್ತದೆ. ಸಿಂಗಲ್ಸ್ ಅಂಕಣದ ಅಗಲ 5.18 ಮೀಟರ್, ಡಬಲ್ಸಿನದು 6.10. ಆಡುವವರು ಎರಡರಷ್ಟಾದರೂ ಅಗಲ ಒಂದು ಮೀಟರಿನಷ್ಟೂ ಹೆಚ್ಚುವುದಿಲ್ಲ. ಆದುದರಿಂದ ಎದುರಾಳಿಗಳ ನಡುವೆ ತೆರವು ಸಿಕ್ಕುವುದು ಕಷ್ಟ, ಗರಿಯ ಚೆಂಡು ಹೋಗಿ ಬರುವ ವೇಗವೋ ಹೆಚ್ಚು. ದಾಳಿಯಲ್ಲಿರುವಾಗ ಒಬ್ಬರು ಬಲೆಯ ಬಳಿ, ಇನ್ನೊಬ್ಬರು ಹಿಂದೆ. ರಕ್ಷಣೆಗೆ ಇಳಿದ ಕ್ಷಣ ಇಬ್ಬರೂ ಅಕ್ಕಪಕ್ಕ. ಈ ಸ್ಥಾನಪಲ್ಲಟ ಮಾತಿಲ್ಲದೆ, ನೋಟವೂ ಇಲ್ಲದೆ ನಡೆಯಬೇಕು. ಜ್ವಾಲಾ ಎಡಗೈಯವರು, ಅಶ್ವಿನಿ ಬಲಗೈಯವರು. ನಿಂತ ಪಕ್ಕ ಬದಲಾದಂತೆಲ್ಲ ಇಬ್ಬರ ಬಲವಾದ ಹೊಡೆತ ಒಮ್ಮೆ ಎರಡು ಅಂಚುಗಳಲ್ಲಿ, ಒಮ್ಮೆ ನಡುವಿನಲ್ಲಿ. ಎದುರಿನವರು ಪ್ರತಿ ಹೊಡೆತಕ್ಕೂ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ಹಿಂದಿನಿಂದ ಅಶ್ವಿನಿ ಹೊಡೆಯುವ ಸ್ಮ್ಯಾಷನ್ನು ಎಲ್ಲರೂ ನೋಡಿ ಚಪ್ಪಾಳೆ ತಟ್ಟುತ್ತಾರೆ. ಆ ಸ್ಮ್ಯಾಷಿಗೆ ತಕ್ಕ ಎತ್ತರದಲ್ಲಿ ಚೆಂಡು ಮೇಲೇಳುವಂತೆ ಮುಂದೆ ನಿಂತು ಎದುರಾಳಿಯನ್ನು ಒತ್ತಾಯಪಡಿಸಿದ ಕೈಯನ್ನು ನೋಡುವವರು ವಿರಳ. ಭಾಗವತರ ಪದಕ್ಕೆ ತಲೆದೂಗುವ ನಾವು ಮದ್ದಳೆಗಾರನ ಹೆಸರನ್ನು ಕೇಳದೆ ಎದ್ದು ಬರುವುದಿಲ್ಲವೇ, ಹಾಗೆ.

ಸೋಲಿನ ಮಾತನ್ನೂ ಆಡಬೇಕು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ಜೋಡಿ ಗುಂಪಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದಿತು. ಜಪಾನಿನ ಜೋಡಿಗೆ ಸೋತು, ತೈವಾನ್ ಮತ್ತು ಸಿಂಗಪುರದ ಜೋಡಿಗಳನ್ನು ಸೋಲಿಸಿತು. ಮೂರು ಜೋಡಿಗಳು ಸಮನಾದಾಗ ಅಂಕಗಳ ಅಂತರವನ್ನು ಎಣಿಸಲಾಗಿ, ಒಂದೇ ಒಂದು ಅಂಕದಿಂದ ನಮ್ಮವರಿಗೆ ಕ್ವಾರ್ಟರ್ ಫೈನಲ್ ತಪ್ಪಿತು. ಜಪಾನಿನವರು ತೈವಾನಿನವರಿಗೆ ಸೋತ ಬಗೆಯನ್ನು ಕುರಿತು ಭಾರತ ಸಲ್ಲಿಸಿದ ದೂರು ನಿಲ್ಲಲಿಲ್ಲ. ಅದೇ ಸ್ಪರ್ಧೆಯಲ್ಲಿ, ಮುಂದಿನ ಸುತ್ತಿನಲ್ಲಿ ಸುಲಭ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಯತ್ನಿಸಿದ ಚೀನ, ದಕ್ಷಿಣ ಕೊರಿಯ, ಇಂಡೊನೇಷ್ಯಗಳ ಎಂಟು ಆಟಗಾರ್ತಿಯರನ್ನು ಹೊರಹಾಕಲಾಯಿತು. ಗೆಲ್ಲಲೆಂದೇ ಆಡಿದವರು ಒಂದು ಅಂಕದ ಕೊರತೆಯಿಂದ ಮನೆಗೆ ಬಂದರು. ಒಂದು ಅಂಕವೆಂದರೆ ಅಂಚಿನ ಗೆರೆಯನ್ನು ಬೆರಳಗಲ ಮೀರಿದ ಒಂದು ಹೊಡೆತ.

ಆಮೇಲಿನ ಕಥೆಯೇ ನನ್ನನ್ನು ಹೆಚ್ಚಾಗಿ ಸೆಳೆದಿರುವುದು. 2014ರ ಗ್ಲಾಸ್ಗೋದಲ್ಲಿ ಬೆಳ್ಳಿ, 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ. 2016ರ ರಿಯೊದಲ್ಲಿ ಮೂರು ಪಂದ್ಯಗಳಲ್ಲೂ ಸೋಲು. ಅಲ್ಲಿಗೆ ಜ್ವಾಲಾ ಅವರೊಡನೆ ಜೋಡಿ ಮುಗಿಯಿತು. ಸಿಂಗಲ್ಸ್ ಆಟಗಾರ್ತಿಯಾಗಿದ್ದರೆ ತನ್ನ ಕಾಲು, ತನ್ನ ಕೈ ಇರುವ ತನಕ ಆಟ. ಡಬಲ್ಸಿನವರಿಗೆ ಹಾಗಲ್ಲ. ಜೊತೆಗಾತಿ ಹೋದರೆ ಅರ್ಧ ವಿದ್ಯೆ ಹೋದಂತೆ. ಅಶ್ವಿನಿ ಎನ್. ಸಿಕ್ಕಿ ರೆಡ್ಡಿ ಅವರೊಡನೆ ಹೊಸದಾಗಿ ಅಭ್ಯಾಸ ಮಾಡಿ 2018ರಲ್ಲಿ ಗೋಲ್ಡ್ ಕೋಸ್ಟಿನಲ್ಲಿ ಕಂಚನ್ನು ಗೆದ್ದರು. ಅಲ್ಲಿಯೇ ಮಿಶ್ರ ತಂಡದ ಫೈನಲ್ಲಿನ ಮೊದಲ ಪಂದ್ಯದಲ್ಲಿ ಸಾತ್ವಿಕ್‌ಸಾಯಿರಾಜ್ ಅವರೊಡನೆ ಆಡಿ ಮಲೇಷ್ಯದ ಮೇಲೆ ಮುನ್ನಡೆಯನ್ನು ತಂದುಕೊಟ್ಟರು. ತಂಡ ಚಿನ್ನ ಗೆದ್ದಿತು. ಜನ ಕೊಂಡಾಡಿದ್ದು ಶ್ರೀಕಾಂತ್ ಅವರು ಲೀ ಚಾಂಗ್ ವೀಯನ್ನು ಸೋಲಿಸಿದ್ದನ್ನು! ಬಳಿಕ ತಮಗಿಂತ ಸುಮಾರು ಹದಿನಾಲ್ಕು ವರ್ಷ ಕಿರಿಯಳಾದ ತನಿಷಾ ಕ್ರಾಸ್ಟೊ ಅವರೊಡನೆ ಮೂರನೆಯ ಬಾರಿ ನೊಗಕ್ಕೆ ಹೆಗಲು ಕೊಟ್ಟು, 2023ರಲ್ಲಿ ಗುವಾಹಟಿ ಮಾಸ್ಟರ್ಸ್ ಗೆದ್ದು, 2024ರ ಪ್ಯಾರಿಸ್ ಒಲಿಂಪಿಕ್ಸನ್ನು ಮುಟ್ಟಿದರು. ಅಲ್ಲಿ ಗೆಲುವು ಒಲಿಯಲಿಲ್ಲ; ಅದೇ ತಮ್ಮ ಕೊನೆಯ ಒಲಿಂಪಿಕ್ಸ್ ಎಂದರು. ಮೂವತ್ತು ದಾಟಿದ ಮೇಲೆ ಇನ್ನೊಬ್ಬರ ಹೆಜ್ಜೆಯನ್ನು ಮೊದಲಿನಿಂದ ಕಲಿಯುವ ಈ ವಿನಯ ಪದಕದ ಪಟ್ಟಿಯಲ್ಲಿ ಕಾಣುವುದಿಲ್ಲ.

ಇನ್ನು ನಮ್ಮ ಮೂರು ಊರುಗಳ ಮಾತು. ಕಡೂರಿನ ಬಯಲುಸೀಮೆಯ ಗಾಳಿಗೆ ಐದು ಗ್ರಾಂ ತೂಕದ ಗರಿಯ ಚೆಂಡು ನಿಲ್ಲುವುದಿಲ್ಲ. ಬಯಲಿನ ಗಾಳಿಗೆ ಅಂಜದ್ದು ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್; ತಂಜಾವೂರಿನಲ್ಲಿ ಹುಟ್ಟಿ ದಕ್ಷಿಣದ ಶಾಲೆಗಳಲ್ಲೆಲ್ಲ ಹಬ್ಬಿದ ಆಟ. ಐವರು ಕೂಡಿ ಆಡುವ ಅದೂ ಹೊಂದಾಣಿಕೆಯ ಆಟವೇ. ಮುಂದಿನವನು, ನಡುವಿನವನು, ಹಿಂದಿನವನು ತಂತಮ್ಮ ಜಾಗವನ್ನು ಕಾಯಬೇಕು. ಹೀಗಿರುವಲ್ಲಿ ಮಕ್ಕಳಿಗೆ ಜೋಡಿಯ ಬುದ್ಧಿ ಇಲ್ಲವೆನ್ನಲಾರೆ. ಕೊರತೆ ಬೇರೆ ಕಡೆ ಇದೆ. ತರೀಕೆರೆಯ ಕಡೆಯ ಉಪಾಧ್ಯಾಯಿನಿಯೊಬ್ಬರು ತಮ್ಮ ಶಾಲೆಯ ಇಬ್ಬರು ಹುಡುಗಿಯರ ವಿಷಯ ಹೇಳಿದರು. ಮೂರು ವರ್ಷ ಒಟ್ಟಿಗೆ ಆಡಿದವರು. ಎಸ್ಸೆಸ್ಸೆಲ್ಸಿ ಮುಗಿದೊಡನೆ ಒಬ್ಬಳನ್ನು ಓದಿಗೆಂದು ಬೆಂಗಳೂರಿಗೆ ಕಳುಹಿಸಿದರು. ಉಳಿದವಳಿಗೆ ಹೊಸ ಜೊತೆಯನ್ನು ಹುಡುಕಿಕೊಡುವ ಗೋಜಿಗೆ ಯಾರೂ ಹೋಗಲಿಲ್ಲ; ಅವಳೂ ಬ್ಯಾಟನ್ನು ಅಟ್ಟಕ್ಕೆ ಹಾಕಿದಳು. ಒಬ್ಬಳ ವರ್ಗಾವಣೆಯಿಂದ ಇಬ್ಬರ ಆಟ ಮುಗಿಯಿತು.

ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ. ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಡುವ ಹಿಂದಿನ ದಿನ ಉಳಿದ ಇಬ್ಬರನ್ನು ಸೇರಿಸಿ ಡಬಲ್ಸ್ ಎನ್ನುವ ಪದ್ಧತಿಯನ್ನು ಬಿಡೋಣ. ಎಂಟನೆಯ ತರಗತಿಯಲ್ಲೇ ಜೋಡಿಗಳನ್ನು ಗುರುತಿಸಿ, ಜೊತೆಗೆ ಮೂರನೆಯವಳೊಬ್ಬಳನ್ನೂ ಸಿದ್ಧಪಡಿಸೋಣ. ಶಾಲೆಯ ಗೋಡೆಯ ಮೇಲಿನ ಫಲಕದಲ್ಲಿ ಬರೆಯುವಾಗ ‘ಮತ್ತು ಸಂಗಡಿಗರು’ ಎನ್ನದೆ ಎರಡೂ ಹೆಸರುಗಳನ್ನು ಬರೆಯಿಸೋಣ. ಬಣ್ಣದ ಖರ್ಚು ಹೆಚ್ಚೇನೂ ಆಗದು.

ಗಾಳಿಗೆ ಮರೆಯಾದ ಅಂಕಣ ಎಲ್ಲಿಂದ ತರೋಣ ಎಂಬುವರಿಗೆ ಒಂದು ಸಂಗತಿ ತಿಳಿಸಬೇಕು. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುತ್ತಿದ್ದ ಜಾಗ. ಮದುವೆಯ ದಿನ ಆಟಕ್ಕೆ ರಜೆ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕಲ್ಯಾಣ ಮಂಟಪಗಳಿಗೆ ಬಡತನವಿಲ್ಲ. ಆಷಾಢದಲ್ಲಿ ಒಂದು ತಿಂಗಳು, ಧನುರ್ಮಾಸದಲ್ಲಿ ಇನ್ನೊಂದು ತಿಂಗಳು ಅವುಗಳಲ್ಲಿ ವಾಲಗ ಕೇಳಿಸದು. ಚಾವಣಿ ಎತ್ತರವಾಗಿದ್ದು ನಡುವೆ ಕಂಬವಿಲ್ಲದ ಮಂಟಪ ಯಾವುದೆಂದು ನೋಡಿ, ಅದರ ಧರ್ಮದರ್ಶಿಗಳನ್ನು ಊರಿನ ಉಪಾಧ್ಯಾಯರು ಈ ಜ್ಯೇಷ್ಠ ಮುಗಿಯುವುದರೊಳಗೆ ಕಂಡು ಮಾತನಾಡಬಹುದು. ಬಲೆ ಕಟ್ಟಲು ಎರಡು ಕಂಬ, ಗೆರೆ ಎಳೆಯಲು ಸುಣ್ಣ ಸಾಕು.