ನೆರೆಯವರ ಚರಿತ್ರೆಗೂ ಒಂದು ಕಪಾಟು

ಹುಣಸೂರು ತಾಲ್ಲೂಕಿನ ಗುರುಪುರಕ್ಕೆ ಹೋದವರ ಕಣ್ಣಿಗೆ ಕಡುಗೆಂಪು ನಿಲುವಂಗಿ ತೊಟ್ಟ ಭಿಕ್ಷುಗಳು ಬೀಳದಿರಲಾರರು. 1959ರಲ್ಲಿ ತಾಯ್ನಾಡನ್ನು ತೊರೆದ ಟಿಬೆಟನ್ನರಿಗೆ ಮೊದಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ನಂತರ 1970ರ ದಶಕದ ಆರಂಭದಲ್ಲಿ ಗುರುಪುರದಲ್ಲಿ ನೆಲೆ ದೊರೆಯಿತು. ಅರ್ಧ ಶತಮಾನದಿಂದ ನಾವು ಅವರೊಂದಿಗೆ ಸಂತೆಯಲ್ಲಿ ವ್ಯಾಪಾರ ಮಾಡಿದ್ದೇವೆ, ಒಂದೇ ಬಸ್ಸಿನಲ್ಲಿ ಪ್ರಯಾಣಿಸಿದ್ದೇವೆ, ಅವರ ಹೊಲಗಳ ಜೋಳವನ್ನು ಕೊಂಡಿದ್ದೇವೆ. ಆದರೆ ಅವರು ಏಕೆ ಬಂದರು, ಏನನ್ನು ಕಳೆದುಕೊಂಡು ಬಂದರು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಐದು ವಾಕ್ಯ ಹೇಳಬಲ್ಲೆವು?

ನೆರೆಯವರ ಹಕ್ಕಿನ ಕುರಿತು ನಾವು ಎಷ್ಟೋ ಜುಮಾ ಖುತ್ಬಾಗಳನ್ನು ಕೇಳಿದ್ದೇವೆ. ನೆರೆಯವನ ಹಸಿವನ್ನು ವಿಚಾರಿಸುವುದು ಆ ಹಕ್ಕಿನಲ್ಲಿ ಸೇರಿದೆ ಎಂದು ಬಲ್ಲೆವು. ಅವನ ಚರಿತ್ರೆಯನ್ನು ತಿಳಿದುಕೊಳ್ಳುವುದೂ ಅದರಲ್ಲಿ ಸೇರಿದೆಯೇ ಎಂದು ಮಾತ್ರ ನಾವು ಕೇಳಿಕೊಂಡಿಲ್ಲ.

ಈ ಭಾಗದ ಮಸೀದಿಗಳಲ್ಲಿ ಗ್ರಂಥಾಲಯವೆಂದು ಕರೆಯಲಾಗುವ ಕಪಾಟುಗಳನ್ನು ನಾವು ಕಂಡಿದ್ದೇವೆ. ಕುರ್‌ಆನ್ ಅನುವಾದಗಳು, ಹದೀಸ್ ಸಂಗ್ರಹಗಳು, ನಮಾಝಿನ ಕ್ರಮ ತಿಳಿಸುವ ಕಿರುಹೊತ್ತಗೆಗಳು ಅಲ್ಲಿರುತ್ತವೆ, ಇರಲೇಬೇಕು. ಚರಿತ್ರೆಯ ಹೆಸರಿನಲ್ಲಿ ಖಲೀಫರ ಜೀವನ, ಅಂದಲೂಸಿನ ವೈಭವ ಸಿಗುತ್ತದೆ. ಕುರ್ತುಬಾದ ಗ್ರಂಥಾಲಯದ ಬಗ್ಗೆ ಅಭಿಮಾನದಿಂದ ಮಾತನಾಡುವ ನಮ್ಮ ಯುವಕನಿಗೆ ಕಬಿನಿ ಅಣೆಕಟ್ಟು ಎಷ್ಟು ಹಳ್ಳಿಗಳನ್ನು ಮುಳುಗಿಸಿತು ಎಂಬುದು ತಿಳಿಯದು. ಕುರ್ತುಬಾ ಬೇಡವೆಂದು ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಒಂದು ಅಡಿ ಜಾಗವನ್ನು ಕೇಳುತ್ತಿದ್ದೇವೆ.

ಆ ಜಾಗದಲ್ಲಿ ಮೊದಲು ಇಡಬೇಕಾದದ್ದು ಅಲ್‌ಬಿರೂನಿಯ ‘ಕಿತಾಬುಲ್ ಹಿಂದ್’. ಘಜ್ನಿಯ ಮಹಮೂದನ ದಂಡಯಾತ್ರೆಗಳ ಕಾಲದಲ್ಲೇ ಸಂಸ್ಕೃತ ಕಲಿತು, ಪಂಡಿತರೊಂದಿಗೆ ಕುಳಿತು, ಸುಮಾರು 1030ರಲ್ಲಿ ಆತ ಈ ಗ್ರಂಥವನ್ನು ಮುಗಿಸಿದ. ಹಿಂದೂಗಳ ನಂಬಿಕೆಯನ್ನು ಖಂಡಿಸುವುದು ತನ್ನ ಉದ್ದೇಶವಲ್ಲ, ಅವರು ಹೇಳುವಂತೆಯೇ ಅದನ್ನು ದಾಖಲಿಸುವುದು ತನ್ನ ಕೆಲಸ ಎಂದು ಆರಂಭದಲ್ಲೇ ಸ್ಪಷ್ಟಪಡಿಸಿದ. ಇನ್ನೂ ದೊಡ್ಡ ಮಾತೆಂದರೆ, ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು, ಮುಸ್ಲಿಮರ ಬಗ್ಗೆ ಇಲ್ಲಿನ ಜನರಲ್ಲಿ ಮೂಡಿದ ದ್ವೇಷಕ್ಕೆ ಅದೂ ಒಂದು ಕಾರಣ ಎಂದು ಮುಚ್ಚುಮರೆಯಿಲ್ಲದೆ ಬರೆದ. ಆಳುವವನು ಮುಸ್ಲಿಮನೆಂಬ ಕಾರಣಕ್ಕೆ ಅವನ ವಕೀಲನಾಗುವುದು ಧರ್ಮನಿಷ್ಠೆಯೆಂದು ಆ ವಿದ್ವಾಂಸ ಭಾವಿಸಲಿಲ್ಲ.

ಈ ಪರಂಪರೆ ಕನ್ನಡದಲ್ಲಿಯೂ ಇದೆ. ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’ ಬರೆದರು. ಅಷ್ಟಕ್ಕೆ ನಿಲ್ಲದೆ ನಾಥಪಂಥದ ಬಗ್ಗೆ, ಶಾಕ್ತಪಂಥದ ಬಗ್ಗೆ ಊರೂರು ತಿರುಗಿ ಗ್ರಂಥಗಳನ್ನು ರಚಿಸಿದರು. ದರ್ಗಾದ ಆಚರಣೆಗಳನ್ನು ಒಪ್ಪದ ಸಹೋದರರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರೂ ಈ ಪುಸ್ತಕಗಳನ್ನು ಓದಲೆಂದು ನಾವು ಬಯಸುತ್ತೇವೆ. ಓದುವುದೆಂದರೆ ಒಪ್ಪುವುದಲ್ಲ. ಅಲ್‌ಬಿರೂನಿ ಯಾವುದನ್ನು ಒಪ್ಪಿ ಬರೆದ?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿಯವರದು ನಮಗೆ ಇನ್ನೂ ಹತ್ತಿರದ ಉದಾಹರಣೆ. ಕರ್ನಾಟಕದ ರೈತ ಚಳವಳಿಯನ್ನು ಅಧ್ಯಯನ ಮಾಡಿದ ಅವರು, ನಾಗರಹೊಳೆ ಕಾಡಿನಿಂದ ಹೊರಹಾಕಲ್ಪಟ್ಟ ಆದಿವಾಸಿಗಳ ಸ್ಥಿತಿಗತಿ ಅರಿಯಲು ಹೈಕೋರ್ಟ್ ರಚಿಸಿದ ಸಮಿತಿಯ ನೇತೃತ್ವ ವಹಿಸಿ 2014ರಲ್ಲಿ ವರದಿ ಸಲ್ಲಿಸಿದರು. ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಬದುಕುವ ಜೇನುಕುರುಬರು, ಬೆಟ್ಟಕುರುಬರು, ಯರವರು ನಮ್ಮ ಅಂಗಡಿಗಳಿಗೆ ಬರುತ್ತಾರೆ, ನಮ್ಮವರ ಶುಂಠಿ ಹೊಲಗಳಲ್ಲಿ, ಕೊಡಗಿನ ತೋಟಗಳಲ್ಲಿ ಕೂಲಿ ಮಾಡುತ್ತಾರೆ. ಅವರ ಕಾಡು ಅವರ ಕೈತಪ್ಪಿದ ಕಥೆಯನ್ನು ಕಾಗದಕ್ಕಿಳಿಸಿದವರಲ್ಲಿ ನಮ್ಮ ಸಮುದಾಯದ ಒಬ್ಬ ವಿದ್ವಾಂಸರಿದ್ದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಸಂತಾಪ ಸೂಚಿಸಿದ ನಾವು ಅವರ ಬರಹವನ್ನು ತೆರೆದು ನೋಡಿದೆವೇ?

ಇನ್ನು ಟಿಪ್ಪು ಸುಲ್ತಾನರ ವಿಷಯ. ಇದನ್ನು ಬಿಟ್ಟು ಮೈಸೂರು ಸೀಮೆಯಲ್ಲಿ ಚರಿತ್ರೆಯ ಮಾತು ಮುಗಿಯುವುದಿಲ್ಲ, ಪಿರಿಯಾಪಟ್ಟಣದಂತಹ ಕೊಡಗಿನ ಗಡಿಯಲ್ಲಂತೂ ಮುಗಿಯುವುದೇ ಇಲ್ಲ. 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಬೆಳಕಿಗೆ ತಂದ ಟಿಪ್ಪುವಿನ ಪತ್ರಗಳ ಸುದ್ದಿಯನ್ನು ನಾವು ಮೊಬೈಲಿನಲ್ಲಿ ಹಂಚುತ್ತೇವೆ. ಕೊಡಗಿನ ಸೆರೆಯಾಳುಗಳ ಸುದ್ದಿಯನ್ನು ಇನ್ನೊಬ್ಬರು ಹಂಚುತ್ತಾರೆ. ಎರಡೂ ಕಡೆಯವರು ಪುಸ್ತಕ ಓದಿದವರಲ್ಲ. ಓದಿದ್ದರೆ, ಕೊಡಗಿನ ಸಂಗತಿಯನ್ನು ಇಂಗ್ಲಿಷರ ಪಕ್ಷದ ಮಾರ್ಕ್ ವಿಲ್ಕ್ಸ್ ಮಾತ್ರವಲ್ಲ, ಸುಲ್ತಾನರ ಸೇವೆಯಲ್ಲಿದ್ದ ಕಿರ್ಮಾನಿಯೂ ಬರೆದಿದ್ದಾನೆಂದು ನಮಗೆ ತಿಳಿಯುತ್ತಿತ್ತು. ಅಲ್ಲಿ ಹೇಳಲಾಗುವ ಸಂಖ್ಯೆಗಳು ಉತ್ಪ್ರೇಕ್ಷಿತವೆಂದು ಮೊಹಿಬ್ಬುಲ್ ಹಸನ್ 1951ರ ತಮ್ಮ ಗ್ರಂಥದಲ್ಲಿ ವಾದಿಸಿದ್ದು ಅವರಿಗೆ ತಿಳಿಯುತ್ತಿತ್ತು. ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬ ಸೂರಃ ಅಲ್ ಹುಜುರಾತಿನ ಆದೇಶ ನಮಗೆ ಹಿತವಾದ ಸುದ್ದಿಗೂ ಅನ್ವಯಿಸುತ್ತದೆ. ನಮಗೆ ಕಹಿಯಾದ ಪುಟವನ್ನು ಬೇರೊಬ್ಬರು ವೇದಿಕೆಯ ಮೇಲೆ ಕೂಗಿ ಹೇಳುವ ಮುನ್ನ ನಾವೇ ಓದಿಕೊಂಡಿದ್ದರೆ ನಮ್ಮ ಹುಡುಗರು ಉತ್ತರ ಕಾಣದೆ ಕೋಪಗೊಳ್ಳುವ ಸ್ಥಿತಿ ಬರುತ್ತಿರಲಿಲ್ಲ.

ಟಿಬೆಟನ್ನರ ವಿಷಯಕ್ಕೆ ಮರಳೋಣ. ತ್ಸೆರಿಂಗ್ ಶಾಕ್ಯ ಎಂಬ ಟಿಬೆಟನ್ ವಿದ್ವಾಂಸರು 1999ರಲ್ಲಿ ತಮ್ಮ ನಾಡಿನ ಆಧುನಿಕ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಇಸ್ಲಾಮ್ ಮತ್ತು ಟಿಬೆಟ್ ನಡುವಿನ ಸಂಬಂಧದ ಬಗ್ಗೆ 2011ರಲ್ಲಿ ಒಂದು ಪ್ರಬಂಧ ಸಂಕಲನವೂ ಬಂದಿದೆ. ಕಸ್ತೂರಿಯ ವ್ಯಾಪಾರದ ದಾರಿಗಳಲ್ಲಿ ಮುಸ್ಲಿಮರೂ ಟಿಬೆಟನ್ನರೂ ಶತಮಾನಗಳಿಂದ ಪರಸ್ಪರ ಬಲ್ಲವರು. ಲ್ಹಾಸಾದಲ್ಲಿ ಮಸೀದಿಗಳಿದ್ದವು. ಅಲ್ಲಿನ ಮುಸ್ಲಿಮರನ್ನು ಟಿಬೆಟನ್ನರು ‘ಖಚೆ’, ಅಂದರೆ ಕಾಶ್ಮೀರದವರು ಎಂದು ಕರೆಯುತ್ತಿದ್ದರು. 1959ರ ನಂತರ ಅವರಲ್ಲಿ ಅನೇಕರು ಶ್ರೀನಗರಕ್ಕೆ ಬಂದು ನೆಲೆಸಿದರು. ಗುರುಪುರದ ನೆರೆಯವರಂತೆಯೇ ಊರು ಬಿಟ್ಟು ಬಂದ ನಮ್ಮ ಸಹೋದರರು ಅವರು.

ಪುಸ್ತಕಕ್ಕೆ ಹಣವೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ, ಶಾಲೆಯ ಭಾಗ್ಯವಿಲ್ಲದ ಸಹೋದರರೊಬ್ಬರು ಕನ್ನಡ ಪುಸ್ತಕಗಳ ಗ್ರಂಥಾಲಯವನ್ನೇ ಕಟ್ಟಿದ್ದರು. ಭಗವದ್ಗೀತೆಯೂ ಕುರ್‌ಆನ್ ಅನುವಾದವೂ ಅಲ್ಲಿದ್ದವು. 2021ರ ಏಪ್ರಿಲಿನಲ್ಲಿ ಬೆಂಕಿ ಬಿದ್ದು ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಅವರು ಎದೆಗುಂದದೆ ಮತ್ತೆ ಆರಂಭಿಸಿದರು. ಇದೇ ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಟಿಪ್ಪಣಿಗಳೂ 1970ರಲ್ಲಿ ಅಮೆರಿಕದಲ್ಲಿ ಕಿಡಿಗೇಡಿಗಳ ಬೆಂಕಿಗೆ ಆಹುತಿಯಾಗಿದ್ದವು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ತಂಗಿ ಕಂಡದ್ದನ್ನು ಅವರು ನೆನಪಿನಿಂದಲೇ ಬರೆದರು. 1976ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಒಕ್ಕಲಿಗರ, ದಲಿತರ ಬದುಕಿನೊಂದಿಗೆ ಅಲ್ಲಿನ ಮುಸ್ಲಿಮರ ಬದುಕೂ ಇದೆ. ನಮ್ಮ ಅಜ್ಜಂದಿರು ನೆರೆಯವರ ಕಣ್ಣಿಗೆ ಹೇಗೆ ಕಾಣುತ್ತಿದ್ದರು ಎಂದು ತಿಳಿಯಬಯಸುವವರು ಅದನ್ನು ಓದಬೇಕು.

ಒಂದು ಜಮಾಅತ್ ವರ್ಷಕ್ಕೆ ಐದು ಪುಸ್ತಕ ಕೊಳ್ಳಲಿ, ಅಷ್ಟು ಸಾಕು. ಇಂಗ್ಲಿಷಿನಲ್ಲಿ ಮಾತ್ರ ಇರುವವನ್ನು ಕಾಲೇಜು ಓದುವ ಮಕ್ಕಳು ಓದಿ, ಮಗ್ರಿಬ್ ನಂತರ ಅರ್ಧ ಗಂಟೆ ಕನ್ನಡದಲ್ಲಿ ಹಿರಿಯರಿಗೆ ಹೇಳಲಿ. ಕಪಾಟು ಮಾತ್ರ ಮಸೀದಿಯ ಒಳಗಿನ ಮೂಲೆಯಲ್ಲಿ ಬೇಡ. ಅಲ್ಲಿಟ್ಟರೆ ನಮ್ಮ ಹೆಣ್ಣುಮಕ್ಕಳಿಗೆ ಅದು ಎಟಕದು, ಇಂದು ನಮ್ಮ ಮನೆಗಳಲ್ಲಿ ಹೆಚ್ಚು ಓದುತ್ತಿರುವವರು ಅವರೇ. ಮದ್ರಸಾದ ಬಾಗಿಲ ಬಳಿ ಇಡಿ, ಬೀಗ ಹಾಕಬೇಡಿ.